ಕಾರ್ ಇನ್ಶೂರೆನ್ಸ್ ರೇಟ್ ಯಾಕಪ್ಪಾ ಹಿಂಗೆ ಏರ್ತಿದೆ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸರ್, 2021ರಲ್ಲಿ ತಗೊಂಡ 1197 ಸಿಸಿ ಪೆಟ್ರೋಲ್ ಕಾರು ನಮ್ದು. ಹೋದ ವರ್ಷ ಇನ್ಶೂರೆನ್ಸ್‌ಗೆ 12,739 ಕಟ್ಟಿದ್ದೆ, ಈ ಸಲ ಅದೇ ಕಂಪನಿಯಿಂದ 18,604 ಅಂತ ಮೆಸೇಜ್ ಬಂದಿದೆ. ಮಧ್ಯದಲ್ಲಿ ಹಿಂದಿನ ಬಂಪರ್ ಒಡೆದಿತ್ತು ಅಂತ 6,200 ರೂಪಾಯಿದು ಒಂದೇ ಒಂದು ಕ್ಲೇಮ್ ಮಾಡಿದೀನಿ ಅಷ್ಟೇ. ಕಾರು ಹಳೇದಾದಂಗೆ ಪ್ರೀಮಿಯಂ ಇಳೀಬೇಕಲ್ವಾ? ಎರಡೂ ವರ್ಷದ ಪೇಪರ್ ಫೋಟೋ ಕಳಿಸಿದೀನಿ, ನೋಡಿ ಹೇಳಿ.
– ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ಫೋಟೋ ಕಳಿಸಿದ್ದು ಬಹಳ ಒಳ್ಳೇದಾಯ್ತು, ಯಾಕಂದ್ರೆ ಹೆಚ್ಚಿನವರು ಕೊನೇ ಸಾಲಿನ ಮೊತ್ತ ಮಾತ್ರ ನೋಡಿ ಬೈಕೊಂಡು ಕಟ್ಟಿಬಿಡ್ತಾರೆ. ಎರಡೂ ಪೇಪರ್ ಪಕ್ಕಪಕ್ಕ ಇಟ್ಕೊಂಡು ಒಂದು ಪೆನ್ ಹಿಡ್ಕೊಳಿ.

ಮೊದಲು ಥರ್ಡ್ ಪಾರ್ಟಿ ಸಾಲು, ಅಂದ್ರೆ ನಮ್ಮ ಕಾರಿಂದ ಬೇರೆಯವರಿಗೆ ಆಗೋ ನಷ್ಟಕ್ಕೆ ಇರೋದು. ಹೋದ ವರ್ಷವೂ 3,416, ಈ ವರ್ಷವೂ 3,416. ಇದು ಸರ್ಕಾರ ಫಿಕ್ಸ್ ಮಾಡೋ ರೇಟು, 1000ರಿಂದ 1500 ಸಿಸಿ ಒಳಗಿನ ಕಾರಿಗೆ 2022 ಜೂನ್ 1ರಿಂದ ಬಂದಿದ್ದು. ಇದರಲ್ಲಿ ಯಾವ ಕಂಪನೀನೂ ಒಂದು ರೂಪಾಯಿ ಬಿಡಕ್ಕಾಗಲ್ಲ, ಚೌಕಾಸಿ ಮಾಡಿ ಪ್ರಯೋಜನ ಇಲ್ಲ, ಮುಂದಕ್ಕೆ ಹೋಗಿ.

ಆಟ ಇರೋದೆಲ್ಲ ಓಡಿ ಸಾಲಲ್ಲಿ. (ಓಡಿ ಅಂದ್ರೆ ಓಡೋದಲ್ಲ, ಓನ್ ಡ್ಯಾಮೇಜ್, ನಮ್ಮ ಕಾರಿಗೇ ಆಗೋ ಡ್ಯಾಮೇಜಿಗೆ.) 2007ರಿಂದ ಇದರ ರೇಟು ಕಂಪನಿಗಳ ಕೈಗೇ ಬಿಟ್ಟಿದಾರೆ. ನಿಮ್ಮ ಕಾರಿನ ಐಡಿವಿ, ಅಂದ್ರೆ ಕಳ್ಳತನ ಆದ್ರೆ ಕಂಪನಿ ಕೊಡೋ ಬೆಲೆ, 6.3 ಲಕ್ಷದಿಂದ 5.4 ಲಕ್ಷಕ್ಕೆ ಇಳಿದಿದೆ. ಆ ಲೆಕ್ಕಕ್ಕೆ 7,200 ಇದ್ದ ಓಡಿ 6,170ರ ಹತ್ರ ಬರಬೇಕಿತ್ತು. ಬಂದಿರೋದು 7,000. ಹೋದ ವರ್ಷ ಕೊಟ್ಟ ಡಿಸ್ಕೌಂಟಲ್ಲಿ ಸ್ವಲ್ಪ ಸದ್ದಿಲ್ಲದೆ ವಾಪಸ್ ತಗೊಂಡಿದಾರೆ ಅಂತಾಯ್ತು. ಇದನ್ನ ಮೆಸೇಜಲ್ಲಿ ಯಾರೂ ಬರೆಯಲ್ಲ ಬಿಡಿ.

ಆದ್ರೆ ದೊಡ್ಡ ಏಟು ಬಿದ್ದಿರೋದು ಎನ್‌ಸಿಬಿ (ನೋ ಕ್ಲೇಮ್ ಬೋನಸ್) ಕಡೆಯಿಂದ. ಕ್ಲೇಮ್ ಮಾಡದೆ ಇದ್ದೋರಿಗೆ ಓಡಿ ಮೇಲೆ ಮೊದಲ ವರ್ಷ 20%, ಆಮೇಲೆ 25, 35, 45, ಕೊನೆಗೆ 50% ಬಿಡ್ತಾರೆ. ಹೋದ ವರ್ಷ ನಿಮಗೆ 35% ಬಿಟ್ಟಿದ್ರು, ಈ ವರ್ಷ 45% ಸಿಗಬೇಕಿತ್ತು. ಒಂದು ಕ್ಲೇಮ್ ಮಾಡಿದ್ದಕ್ಕೆ ಸೊನ್ನೆ. 7,000ಕ್ಕೆ 45% ಅಂದ್ರೆ 3,150, ಅದರ ಮೇಲಿನ 18% ಜಿಎಸ್‌ಟಿ ಸೇರಿದ್ರೆ 3,717 ಈ ವರ್ಷವೇ ಹೋಯ್ತು. ಮುಂದಿನ ವರ್ಷ 50% ಇರಬೇಕಿದ್ದ ಕಡೆ 20%, ಅದರ ಮುಂದಿನ ವರ್ಷ 25%. ಓಡಿ 6,500ರ ಆಸುಪಾಸು ಇರುತ್ತೆ ಅಂದ್ಕೊಂಡ್ರೂ ಮೂರು ವರ್ಷಕ್ಕೆ ಹತ್ರಹತ್ರ 8,000 ಕೈಬಿಟ್ಟಂಗೆ. ಇನ್ನು ಬಂಪರಿಗೆ ಕಂಪನಿ ಕೊಟ್ಟಿದ್ದೆಷ್ಟು? 6,200ರಲ್ಲಿ ಕಡ್ಡಾಯ ಕಡಿತ 1,000 ಕಳೆದು 5,200. ಶೋರೂಂನೋರು "ಸರ್ ಬಂಪರ್ ಟು ಬಂಪರ್ ಇದೆಯಲ್ಲ, ಕ್ಲೇಮ್ ಮಾಡ್ಬಿಡಿ, ನಿಮ್ ಜೇಬಿಂದ ಸಾವಿರ ಅಷ್ಟೇ" ಅಂದಿರ್ತಾರೆ, ಅವರಿಗೇನು, ಬಿಲ್ ಆದ್ರೆ ಸಾಕು. (ಬಂಪರ್ ಟು ಬಂಪರ್ ಅಂದ್ರೆ ಜೀರೋ ಡೆಪ್, ಪಾರ್ಟ್ ಹಳೇದಾಗಿದೆ ಅಂತ ಸವಕಳಿ ಕಳೆಯದೆ ಕ್ಲೇಮ್ ಕೊಡೋ ಕವರ್.)

ನಮ್ಮನೆ ಗೇಟಿಗೆ ನಾನೇ ಒಂದ್ಸಲ ರಿವರ್ಸ್ ತಗೋವಾಗ ಎಡಗಡೆ ಬಾಗಿಲು ಉಜ್ಜಿಸಿದ್ದೆ, ಮನೆಯವಳು ಒಳಗಿಂದ ಕೂಗ್ತಾನೇ ಇದ್ಲು ನಾನು ರೇಡಿಯೋ ಕೇಳ್ತಾ ಇದ್ದೆ. ಶೋರೂಂ ಎಸ್ಟಿಮೇಟ್ 7,500. ನಮ್ಮ ಬೀದಿ ಕೊನೇಲಿ ಟಿಂಕರಿಂಗ್ ಮಾಡೋನು ಡೆಂಟ್ ತೆಗೆದು ಪೇಂಟ್ ಹೊಡೆದು 2,800 ತಗೊಂಡ. ಬಿಸಿಲಲ್ಲಿ ಓರೆಯಾಗಿ ನೋಡಿದ್ರೆ ಬಣ್ಣದಲ್ಲಿ ಸ್ವಲ್ಪ ವ್ಯತ್ಯಾಸ ಕಾಣುತ್ತೆ, ನಾನು ನೋಡಲ್ಲ. ಕ್ಲೇಮ್ ಫಾರಂಗೆ ಸೈನ್ ಹಾಕೋ ಮುಂಚೆ ಎನ್‌ಸಿಬಿ ಎಷ್ಟು ಹೋಗುತ್ತೆ ಅಂತ ಈ ಥರ ಒಂದು ಲೆಕ್ಕ ಹಾಕ್ಕೊಳಿ. 30–40 ಸಾವಿರದ ಕೆಲಸ ಆದ್ರೆ ಕಣ್ಮುಚ್ಚಿ ಕ್ಲೇಮ್ ಮಾಡಿ, ಇನ್ಶೂರೆನ್ಸ್ ಇರೋದೇ ಅದಕ್ಕೆ.

ಈಗ ಆಡ್-ಆನ್, ಅಂದ್ರೆ ಜಾಸ್ತಿ ದುಡ್ಡು ಕೊಟ್ಟು ಸೇರಿಸ್ಕೊಳ್ಳೋ ಕವರ್‌ಗಳು. ಹೋದ ವರ್ಷ ಜೀರೋ ಡೆಪ್ ಒಂದೇ ಇತ್ತು, 2,400. ಈ ವರ್ಷ ಅದು 2,700 ಆಗಿದೆ, ಜೊತೆಗೆ ಎಂಜಿನ್ ಪ್ರೊಟೆಕ್ಟ್ 900, ರಿಟರ್ನ್ ಟು ಇನ್‌ವಾಯ್ಸ್ 1,100, ಕೀ ರಿಪ್ಲೇಸ್‌ಮೆಂಟ್ 350. ನೀವು ಕೇಳಿದ್ರಾ? ಇಲ್ಲ ತಾನೇ, ಅವರೇ ಟಿಕ್ ಹಾಕಿ ಕಳಿಸಿದಾರೆ. ಜೀರೋ ಡೆಪ್ ಬಿಡಬೇಡಿ, ಅದಿಲ್ಲದಿದ್ರೆ ಬಂಪರ್ ಥರದ ಪ್ಲಾಸ್ಟಿಕ್ ಪಾರ್ಟ್‌ಗೆ ಅರ್ಧ ದುಡ್ಡು ನಿಮ್ಮ ಜೇಬಿಂದಲೇ ಹೋಗುತ್ತೆ. ಎಂಜಿನ್ ಪ್ರೊಟೆಕ್ಟ್ ಬೆಂಗಳೂರಲ್ಲಿ ಬೇಸ್‌ಮೆಂಟ್ ಪಾರ್ಕಿಂಗ್ ಇರೋರಿಗೆ ನಾನು ಬೇಕೇಬೇಕು ಅಂತೀನಿ, 2022ರ ಸೆಪ್ಟೆಂಬರ್ ಮಳೇಲಿ ಔಟರ್ ರಿಂಗ್ ರೋಡ್ ಕಡೆ ನೀರಲ್ಲಿ ಮುಳುಗಿದ ಕಾರುಗಳ ಫೋಟೋ ಮರೆಯಕ್ಕಾಗಲ್ಲ. ನಿಮ್ಮ ಕಾರು ಎತ್ತರದ ಜಾಗದಲ್ಲಿ ನಿಲ್ಲುತ್ತೆ, ನೀರು ನಿಂತ ರಸ್ತೇಲಿ ಓಡಿಸಲ್ಲ ಅನ್ನೋದಾದ್ರೆ ತೆಗೀಬಹುದು. ಕೀದು ತೆಗೀರಿ. ರಿಟರ್ನ್ ಟು ಇನ್‌ವಾಯ್ಸ್ (ಕಾರು ಕಳ್ಳತನ ಆದ್ರೆ ಐಡಿವಿ ಬದಲು ಕೊಂಡಾಗಿನ ಬಿಲ್ ಬೆಲೆ ಕೊಡೋದು) ಹೊಸ ಕಾರಿಗೆ ಚೆನ್ನ, ನಾಲ್ಕು ವರ್ಷ ಆದ ಕಾರಿಗೆ ನಾನಾದ್ರೆ ಹಾಕಿಸಲ್ಲ.

ಇನ್ನೊಂದು ಸಣ್ಣದು, ಮಾಲೀಕರ ಪರ್ಸನಲ್ ಆಕ್ಸಿಡೆಂಟ್ 15 ಲಕ್ಷದ್ದು, 300 ರೂಪಾಯಿ. ನಿಮ್ಮ ಹೆಸರಲ್ಲೇ ಇರೋ ಸ್ಕೂಟರ್ ಪಾಲಿಸೀಲಿ ಅದು ಆಗ್ಲೇ ಇದ್ರೆ ಇಲ್ಲಿ ಮತ್ತೆ ಬೇಡ, ಇದೆ ಅಂತ ಡಿಕ್ಲರೇಶನ್ ಕೊಟ್ರೆ ಸಾಕು.

ಜೀರೋ ಡೆಪ್ ಉಳಿಸಿ ಮಿಕ್ಕ ಮೂರು ಆಡ್-ಆನ್, ಈ 300 ಎಲ್ಲಾ ತೆಗೆದ್ರೆ ಅದೇ ಕಂಪನೀಲೇ ಜಿಎಸ್‌ಟಿ ಸೇರಿ 15,477ಕ್ಕೆ ಬರುತ್ತೆ. ಇನ್ನು ಮೂರು ಕಡೆ ರೇಟ್ ಕೇಳಿ, ಸರ್ಕಾರಿ ಕಂಪನಿ ಒಂದಾದ್ರೂ ಇರ್ಲಿ. ಎಲ್ಲೋ ಓಡಿ 5,600ಕ್ಕೆ ಸಿಕ್ಕಿ ಜೀರೋ ಡೆಪ್ ಅಷ್ಟೇ ಇದ್ರೆ 13,825ಕ್ಕೆ ಮುಗಿಯುತ್ತೆ. ಕೇಳುವಾಗ ಐಡಿವಿ ಎಲ್ಲಾ ಕಡೆ 5.4 ಲಕ್ಷವೇ ಇರಬೇಕು ಅಂತ ಹೇಳಿ. ಐಡಿವಿ 4.5ಕ್ಕೆ ಇಳಿಸಿ "ನಮ್ದು ಕಮ್ಮಿ ಸರ್" ಅನ್ನೋರು ಬಹಳ ಜನ ಇದಾರೆ. ಮತ್ತೆ ಹೊಸ ಕಂಪನಿಗೆ "ಕ್ಲೇಮ್ ಆಗಿಲ್ಲ" ಅಂತ ಮಾತ್ರ ಹೇಳಬೇಡಿ, ಕೆಲವು ಏಜೆಂಟರು ಹಂಗೇ ಟಿಕ್ ಹಾಕಿಬಿಡ್ತಾರೆ, ಹಳೇ ಕಂಪನಿ ಹತ್ರ ವಿಚಾರಿಸಿದ್ರೆ ಗೊತ್ತಾಗೋ ವಿಷಯ ಅದು, ನಾಳೆ ದೊಡ್ಡ ಕ್ಲೇಮ್ ಬಂದಾಗ ಅದೇ ನೆಪ ಹೇಳಿ ಕೈಯೆತ್ತುತ್ತಾರೆ.

ಪ್ರಶ್ನೆ: ಇನ್ಶೂರೆನ್ಸ್ ಮೇಲೆ ಜಿಎಸ್‌ಟಿ ತೆಗೆದ್ರು ಅಂತ ಪೇಪರಲ್ಲಿ ಓದಿದ್ದೆ. ನನ್ನ ಕಾರಿನ ಬಿಲ್ಲಲ್ಲಿ ಇನ್ನೂ 18% ಹಾಕಿದಾರೆ. ಏಜೆಂಟ್ ಮೋಸ ಮಾಡ್ತಿದಾನಾ?
– ಓದುಗರು, ದಾವಣಗೆರೆ

ಉತ್ತರ: ಪಾಪ, ಅವನದೇನೂ ತಪ್ಪಿಲ್ಲ. 2025 ಸೆಪ್ಟೆಂಬರ್ 22ರಿಂದ ಸೊನ್ನೆ ಆಗಿರೋದು ವೈಯಕ್ತಿಕ ಲೈಫ್ ಮತ್ತು ಹೆಲ್ತ್ ಪಾಲಿಸಿಗೆ. ಕಾರಿಗೆ 18% ಹಂಗೇ ಇದೆ.

ಪ್ರಶ್ನೆ: ಅಪ್ಪನ 2011ರ ವ್ಯಾಗನ್ ಆರ್, 998 ಸಿಸಿ. ತಿಂಗಳಿಗೆ ಒಂದೆರಡು ಸಲ ದೇವಸ್ಥಾನ, ಆಸ್ಪತ್ರೆ ಅಷ್ಟೇ. ರಿನ್ಯೂವಲ್ ಡೇಟ್ ಮುಗಿದು 12 ದಿನ ಆಗೋಗಿದೆ, ಯಾರಿಗೂ ನೆನಪಿರ್ಲಿಲ್ಲ. ಈಗ ಫುಲ್ ಇನ್ಶೂರೆನ್ಸ್ ಬೇಕಾ, ಥರ್ಡ್ ಪಾರ್ಟಿ ಸಾಕಾ?
– ಓದುಗರು, ಮೈಸೂರು

ಉತ್ತರ: ಮೊದಲನೇದಾಗಿ ಕಾರನ್ನ ಈಗ ರೋಡಿಗೆ ಇಳಿಸಬೇಡಿ ಅಮ್ಮಾ, ಆಸ್ಪತ್ರೆಗೆ ಆದ್ರೂ ಆಟೋ ಮಾಡ್ಕೊಳಿ. ಪೊಲೀಸ್ ಹಿಡಿದ್ರೆ ಮೊದಲ ಸಲಕ್ಕೆ 2,000 ದಂಡ, ಮೂರು ತಿಂಗಳವರೆಗೆ ಜೈಲಿಗೂ ಕಾನೂನಲ್ಲಿ ಅವಕಾಶ ಇದೆ. ಅದಕ್ಕಿಂತ ಹೆಚ್ಚಿಗೆ, ಯಾರಿಗಾದ್ರೂ ಡಿಕ್ಕಿ ಆದ್ರೆ ಪರಿಹಾರ ಪೂರ್ತಿ ಅಪ್ಪನ ತಲೆ ಮೇಲೆ ಬರುತ್ತೆ, ಮನೆ ಮಾರೋ ಮಟ್ಟಕ್ಕೆ ಹೋಗಬಹುದು.

ಹದಿನಾಲ್ಕು ವರ್ಷ ದಾಟಿದ ಕಾರು, ಓಡಾಟ ಕಮ್ಮಿ. ಥರ್ಡ್ ಪಾರ್ಟಿ ಸಾಕು ಅನ್ಸುತ್ತೆ ನಂಗೆ. 2022ರ ರೇಟಲ್ಲಿ 1000 ಸಿಸಿ ಒಳಗಿನದಕ್ಕೆ 2,094, ಜಿಎಸ್‌ಟಿ ಸೇರಿ 2,471. ಅಪ್ಪನಿಗೆ ಪರ್ಸನಲ್ ಆಕ್ಸಿಡೆಂಟ್ ಬೇರೆ ಇಲ್ಲದಿದ್ರೆ ಅದನ್ನ ಸೇರಿಸಿ. ಎದುರಿನವರ ಸಾವು ನೋವಿಗೆ ಮಿತಿ ಇಲ್ಲ, ಅವರ ವಾಹನ ಆಸ್ತಿಗೆ 7.5 ಲಕ್ಷದವರೆಗೆ ಇದರಲ್ಲೇ ಬರುತ್ತೆ. ನಿಮ್ಮ ಕಾರಿಗೆ ಏನಾದ್ರೂ ಆದ್ರೆ ಒಂದು ಪೈಸಾನೂ ಬರಲ್ಲ, ಅಪ್ಪನಿಗೆ ಇದನ್ನ ಮೊದಲೇ ಹೇಳಿರಿ. ಇಲ್ಲ, ಆ ಕಾರ್ ಅಂದ್ರೆ ಅಪ್ಪನಿಗೆ ಜೀವ ಅನ್ನೋದಾದ್ರೆ ಕಿಲೋಮೀಟರ್ ಲೆಕ್ಕದ ಪಾಲಿಸಿ ಕೇಳಿ ನೋಡಿ, 2022ರ ಜುಲೈನಲ್ಲೇ ಅದಕ್ಕೆ ಇನ್ಶೂರೆನ್ಸ್ ಕಂಪನಿಗಳ ಮೇಲೆ ನಿಗಾ ಇಡೋ ಐಆರ್‌ಡಿಎಐ ಒಪ್ಪಿಗೆ ಕೊಟ್ಟಿದೆ. ಡೇಟ್ ಮುಗಿದಿರೋದ್ರಿಂದ ಫುಲ್ ಪಾಲಿಸಿಗೆ ಇನ್‌ಸ್ಪೆಕ್ಷನ್ ಮಾಡ್ತಾರೆ, ಮೊಬೈಲಲ್ಲಿ ಕಾರಿನ ಸುತ್ತ ವಿಡಿಯೋ ತೆಗೆದು ಕಳಿಸು ಅಂತಾರೆ, ತೊಳೆದು ತೆಗೀರಿ. 90 ದಿನದ ಒಳಗೆ ಆದ್ರೆ ಎನ್‌ಸಿಬಿ ಉಳಿಯುತ್ತೆ, ನಿಮಗಿನ್ನೂ 78 ದಿನ ಇದೆ, ಆದ್ರೆ ಅಷ್ಟು ದಿನ ಕಾಯ್ತಾ ಕೂರಬೇಡಿ.

ಪ್ರಶ್ನೆ: ಹಳೇ ಕಾರು ಮಾರ್ತಿದೀನಿ, ಅದರಲ್ಲಿ 50% ಎನ್‌ಸಿಬಿ ಇತ್ತು. ಹೊಸ ಕಾರಿಗೆ ಶೋರೂಂನೋರು ಇನ್ಶೂರೆನ್ಸ್ ನಮ್ಮಲ್ಲೇ ಮಾಡಿಸ್ಬೇಕು ಅಂತಿದಾರೆ. ಎನ್‌ಸಿಬಿ ಹೋಯ್ತಾ?
– ಓದುಗರು, ಬೆಂಗಳೂರು

ಉತ್ತರ: ಎನ್‌ಸಿಬಿ ಕಾರಿನದಲ್ಲ, ನಿಮ್ದು. ಹಳೇ ಕಂಪನಿಗೆ ಆರ್‌ಸಿ ಟ್ರಾನ್ಸ್‌ಫರ್ ಆದ ದಾಖಲೆ ಕೊಟ್ಟು ಎನ್‌ಸಿಬಿ ರಿಟೆನ್ಷನ್ ಲೆಟರ್ ಅಂತ ಕೇಳಿ, ಮೂರು ವರ್ಷ ನಡೆಯುತ್ತೆ. ಶೋರೂಂನಲ್ಲೇ ಮಾಡಿಸ್ಬೇಕು ಅಂತ ಯಾವ ಕಾನೂನೂ ಇಲ್ಲ. ಹೊರಗಡೆ ಒಂದು ಕೊಟೇಶನ್ ತಗೊಂಡೋಗಿ ಸೇಲ್ಸ್ ಹುಡುಗನ ಟೇಬಲ್ ಮೇಲಿಡಿ, ಮ್ಯಾನೇಜರ್ ಹತ್ರ ಕೇಳ್ಕೊಂಡು ಬರ್ತೀನಿ ಸರ್ ಅಂತ ಅವನೇ ಒಳಗೆ ಹೋಗ್ತಾನೆ.