ಕಾಶಿಕಣಗಿಲೆಯ ಎಲೆಯಲ್ಲಿ ಆಲ್ಕಲಾಯ್ಡ್ ಹುಟ್ಟುವ ಬಗೆ

ಪ್ರಶ್ನೆ: ಅಂಗಳದ ಕಾಶಿಕಣಗಿಲೆಯಿಂದ ಕ್ಯಾನ್ಸರಿಗೆ ಔಷಧಿ ತೆಗೆಯುತ್ತಾರೆಂದು ಓದಿದ್ದೇನೆ. ಅಂಥ ಆಲ್ಕಲಾಯ್ಡ್‌ಗಳನ್ನು (ಗಿಡಗಳು ತಯಾರಿಸುವ, ಸಾರಜನಕವಿರುವ ರಾಸಾಯನಿಕಗಳನ್ನು) ಹೇಗೆ ಪತ್ತೆ ಹಚ್ಚುತ್ತಾರೆ? ಗಿಡದೊಳಗೆ ಅವು ಹೇಗೆ ಉಂಟಾಗುತ್ತವೆ? ಎಲೆಯ ಕಷಾಯ ಕುಡಿಯಬಹುದೆ?
— ಓದುಗರೊಬ್ಬರು, ಸಾಗರ

ಉತ್ತರ: ಕಡೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ದಯವಿಟ್ಟು ಕುಡಿಯಬೇಡಿ. ನೀವು ಓದಿದ ಕ್ಯಾನ್ಸರ್ ಔಷಧಿಗಳಲ್ಲೊಂದು ವಿನ್‌ಬ್ಲಾಸ್ಟಿನ್ ಎಂಬ ಆಲ್ಕಲಾಯ್ಡ್; ಅದನ್ನು ಒಂದು ಗ್ರಾಂ ಪಡೆಯಲು ಸುಮಾರು 500 ಕಿಲೋ ಒಣ ಎಲೆ ಬೇಕಾಗುತ್ತದೆ. ಕಷಾಯದಿಂದ ಔಷಧಿಯ ಪ್ರಮಾಣ ದೊರೆಯುವುದಿಲ್ಲ, ಎಲೆಯಲ್ಲಿರುವ ಇತರ ಆಲ್ಕಲಾಯ್ಡ್‌ಗಳಿಂದ ಅಪಾಯ ಮಾತ್ರ ಉಂಟು.

ಮಡಗಾಸ್ಕರ್ ಮೂಲದ ಈ ಗಿಡವನ್ನು ಜಮೈಕಾದ ಜನ ಸಕ್ಕರೆ ಕಾಯಿಲೆಗೆ ಬಳಸುತ್ತಿದ್ದರು. 1950ರ ದಶಕದಲ್ಲಿ ಅದನ್ನು ಪರೀಕ್ಷಿಸಿದ ಕೆನಡಾದ ರಾಬರ್ಟ್ ನೋಬಲ್ ಅವರಿಗೆ ಇಲಿಗಳ ರಕ್ತದಲ್ಲಿ ಸಕ್ಕರೆ ಇಳಿದದ್ದು ಕಾಣಲಿಲ್ಲ. ಬಿಳಿ ರಕ್ತಕಣಗಳು ಕಡಿಮೆಯಾದದ್ದು ಕಂಡಿತು. ಬಿಳಿ ರಕ್ತಕಣಗಳು ಮಿತಿಮೀರುವ ರಕ್ತದ ಕ್ಯಾನ್ಸರಿಗೆ ಇದು ಉಪಯೋಗವಾದೀತೆಂಬ ಆ ಸುಳಿವನ್ನು ಕೈಬಿಡದೆ ಅವರೂ ರಸಾಯನ ವಿಜ್ಞಾನಿ ಚಾರ್ಲ್ಸ್ ಬೀರ್ ಅವರೂ ವಿನ್‌ಬ್ಲಾಸ್ಟಿನ್ ಅನ್ನು ಬೇರ್ಪಡಿಸಿದರು.

ಗಿಡದೊಳಗಿನ ಕೆಲಸ ಇದಕ್ಕಿಂತಲೂ ಬೆರಗಿನದು. ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲದಿಂದ ಟ್ರಿಪ್ಟಮೀನ್ ಆಗುತ್ತದೆ. ಗಿಡದ ಸುವಾಸನೆಯ ಎಣ್ಣೆಗಳಲ್ಲಿಯೂ ಇರುವ ಟರ್ಪೀನ್ ಎಂಬ ರಾಸಾಯನಿಕಗಳ ಹಾದಿಯಲ್ಲಿ ಸೆಕೊಲೊಗ್ಯಾನಿನ್ ಎಂಬ ಇನ್ನೊಂದು ಅಣು ಸಿದ್ಧವಾಗುತ್ತದೆ. ಇವೆರಡನ್ನೂ ಜೀವಕೋಶದ ರಸಕುಹರದಲ್ಲಿ (ರಸ ತುಂಬಿದ ಚೀಲದಲ್ಲಿ) ಒಂದು ಕಿಣ್ವ ಬೆಸೆದಾಗ ಸ್ಟ್ರಿಕ್ಟೊಸಿಡಿನ್ ಹುಟ್ಟುತ್ತದೆ. ಅದರ ಸಕ್ಕರೆಯ ಭಾಗವನ್ನು ಕಳಚುವ ಕಿಣ್ವವಿರುವುದು ಕೋಶಕೇಂದ್ರದಲ್ಲಿ. ಹುಳು ಎಲೆಯನ್ನು ಅಗಿದಾಗ ಸ್ಟ್ರಿಕ್ಟೊಸಿಡಿನ್ ಮತ್ತು ಈ ಕಿಣ್ವ ಕೂಡಿ, ಪ್ರೋಟೀನುಗಳಿಗೆ ಅಂಟಿಕೊಳ್ಳುವ ವಿಷ ಥಟ್ಟನೆ ಬಿಡುಗಡೆಯಾಗುತ್ತದೆ. ಇದೇ ಸ್ಟ್ರಿಕ್ಟೊಸಿಡಿನ್‌ನಿಂದ ಮುಂದಿನ ಹಲವು ಹಂತಗಳಲ್ಲಿ ಕ್ಯಾಥರಾಂಥಿನ್ ಮತ್ತು ವಿಂಡೊಲಿನ್ ರೂಪುಗೊಳ್ಳುತ್ತವೆ. ಇವು ಜೋಡಿಯಾದರೇ ವಿನ್‌ಬ್ಲಾಸ್ಟಿನ್; ಆದರೆ ಮೊದಲನೆಯದು ಬಹುಮಟ್ಟಿಗೆ ಎಲೆಯ ಮೇಲ್ಮೈಯ ಮೇಣದಲ್ಲಿಯೂ ಎರಡನೆಯದು ಎಲೆಯ ಒಳಗಿನ ಕೋಶಗಳಲ್ಲಿಯೂ ಉಳಿಯುವುದರಿಂದ ಅವು ಸಂಧಿಸುವುದು ಅಪರೂಪ. ಔಷಧಿ ಇಷ್ಟು ವಿರಳವಾಗಿರಲು ಇದೂ ಒಂದು ಕಾರಣ.

ಹೊಸ ಆಲ್ಕಲಾಯ್ಡ್ ಎಂದು ಹೇಳಬೇಕಾದರೆ ಎಲೆಯ ಸಾರವನ್ನು ಕ್ರೊಮಟೊಗ್ರಫಿಯಿಂದ (ಮಿಶ್ರಣದ ಅಣುಗಳನ್ನು ಬೇರೆ ಬೇರೆ ಮಾಡುವ ವಿಧಾನದಿಂದ) ಬಿಡಿಸಿ, ಅಣುವಿನ ತೂಕವನ್ನು ಅಳೆದು, ಪರಮಾಣುಗಳ ಜೋಡಣೆಯನ್ನು ಎನ್‌ಎಂಆರ್‌ನಿಂದ (ಕಾಂತಕ್ಷೇತ್ರದಲ್ಲಿ ಪರಮಾಣುಗಳ ಕೇಂದ್ರಗಳು ನೀಡುವ ಸಂಕೇತಗಳಿಂದ) ಓದಿ, ತಿಳಿದಿರುವ ಅಣುಗಳೊಡನೆ ಹೋಲಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಅತ್ಯಂತ ಮುಖ್ಯವಾದ ಪರೀಕ್ಷೆ ಇನ್ನೊಂದಿದೆ: ಆ ಅಣುವನ್ನು ಗಿಡವೇ ಮಾಡಿದ್ದೋ, ಅಥವಾ ಸಾರ ತೆಗೆಯಲು ಬಳಸಿದ ಆಮ್ಲ, ದ್ರಾವಕ ಇಲ್ಲವೆ ಬಿಸಿಯಿಂದ ಪಾತ್ರೆಯಲ್ಲಿ ಹುಟ್ಟಿದ್ದೋ ಎಂಬುದು. ಅದಕ್ಕಾಗಿ ದ್ರಾವಕ ಬದಲಿಸಿ ನೋಡುತ್ತಾರೆ; ವಿಕಿರಣಶೀಲ ಇಲ್ಲವೆ ಭಾರವಾದ ಪರಮಾಣು ಸೇರಿಸಿ ಗುರುತು ಹಾಕಿದ ಟ್ರಿಪ್ಟೊಫ್ಯಾನನ್ನು ಗಿಡಕ್ಕೆ ಉಣಿಸಿ, ಆ ಗುರುತು ಎಲ್ಲಿ ತಲುಪಿತೆಂದು ಹುಡುಕುತ್ತಾರೆ; ಕೊನೆಗೆ ಅದನ್ನು ಕಟ್ಟುವ ಕಿಣ್ವಗಳನ್ನೇ ಕಂಡುಹಿಡಿಯುತ್ತಾರೆ. ವಿನ್‌ಬ್ಲಾಸ್ಟಿನ್‌ನ ಹಾದಿಯಲ್ಲಿ ಕಾಣೆಯಾಗಿದ್ದ ಕೊನೆಯ ಕಿಣ್ವಗಳು 2018ರಲ್ಲಿ ಸಿಕ್ಕವು. 2022ರಲ್ಲಿ ಆ ವಂಶವಾಹಿಗಳನ್ನು ಯೀಸ್ಟಿಗೆ ಸೇರಿಸಿ ಕ್ಯಾಥರಾಂಥಿನ್, ವಿಂಡೊಲಿನ್ ಎರಡನ್ನೂ ಪಡೆದು, ಪ್ರಯೋಗಾಲಯದಲ್ಲಿ ಅವನ್ನು ಜೋಡಿಸಿ ವಿನ್‌ಬ್ಲಾಸ್ಟಿನ್ ತಯಾರಿಸಲಾಯಿತು.