ಇಡೀ ಕೋಳಿಯ ಎಲುಬು ಮನೆಯಲ್ಲೇ ತೆಗೆಯೋದು ಹೇಗೆ?

ತೆಗೀಬಹುದು ಮಾರಾಯ್ರೆ, ಎಂತ ದೊಡ್ಡ ಕಷ್ಟ ಇಲ್ಲ, ಆದ್ರೆ ಕೋಳಿ ತರುವಾಗ್ಲೇ ಅಂಗಡಿಯವನಿಗೆ ಚರ್ಮ ತೆಗೀಬೇಡ, ಪೀಸ್ ಮಾಡ್ಬೇಡ ಅಂತ ಹೇಳ್ಬೇಕು, ನಮ್ಮ ಮಂಗಳೂರಲ್ಲಿ ಕೇಳದೆ ಇದ್ರೆ ಸುಕ್ಕಕ್ಕೆ ಅಂತ ಕಡಿದೇ ಕೊಡೋದು. ಒಂದು ಸಣ್ಣ ಹರಿತವಾದ ಚೂರಿ ಸಾಕು, ಕತ್ತಿ ಬೇಡ.

ಕೋಳಿಯನ್ನ ಕವುಚಿ ಹಾಕಿ ಬೆನ್ನೆಲುಬಿನ ಉದ್ದಕ್ಕೂ ಚರ್ಮ ಸೀಳಿ. ಆಮೇಲೆ ಚೂರಿ ತುದಿ ಯಾವಾಗ್ಲೂ ಎಲುಬಿಗೆ ತಾಗಿಕೊಂಡೇ ಇರ್ಬೇಕು, ಮಾಂಸ ಕೊಯ್ಯೋದಲ್ಲ, ಎಲುಬಿಂದ ಕೆರೆದು ಬಿಡಿಸೋದು, ಇಷ್ಟು ಗೊತ್ತಾದ್ರೆ ಅರ್ಧ ಕೆಲಸ ಮುಗೀತು. ರೆಕ್ಕೆ, ತೊಡೆಯ ಕೀಲು ಸಿಕ್ಕಿದಾಗ ಕೈಯಲ್ಲಿ ಹಿಂದಕ್ಕೆ ಮಡಚಿ, ಟಕ್ ಅಂತ ಬಿಟ್ಕೊಳ್ತದೆ, ಆ ಸಂದಿಯಲ್ಲೇ ಕೊಯ್ದ್ರೆ ಆಯ್ತು, ಎಲುಬು ಕಡಿಯಲೇಬೇಕಂತ ಇಲ್ಲ. ಎರಡೂ ಕಡೆ ಹಾಗೇ ಬಿಡಿಸ್ತಾ ಎದೆ ಹತ್ರ ಬಂದಾಗ ಮಾತ್ರ ನಿಧಾನ, ಅಲ್ಲಿ ಎಲುಬಿನ ಅಂಚಿಗೂ ಚರ್ಮಕ್ಕೂ ಮಧ್ಯೆ ಮಾಂಸವೇ ಇಲ್ಲ, ನಾನು ಫಸ್ಟ್ ಟೈಮ್ ಅಲ್ಲೇ ತೂತು ಮಾಡಿದ್ದು. ಎದೆ-ಬೆನ್ನಿನ ಎಲುಬಿನ ಗೂಡು ಪೂರ್ತಿ ಹೊರಗೆ ಬಂದ ಮೇಲೆ ತೊಡೆ ಎಲುಬಿನ ಸುತ್ತ ಕೆರೆದು ಎಳೀರಿ. ಕೊರಳ ಹತ್ರ ವಿ ಶೇಪಿನ ಸಣ್ಣ ಎಲುಬೊಂದು ಉಳಿದಿರ್ತದೆ, ಬೆರಳಾಡಿಸಿ ನೋಡಿ.

ಒಳಗೆ ಘೀ ರೋಸ್ಟ್ ಮಸಾಲೆ ಹಾಕಿದ ಅನ್ನ ತುಂಬಿಸಿ ದಾರದಲ್ಲಿ ಕಟ್ಟಿ ಬೇಯಿಸಿ. ತುಂಬಿಸಿದ್ರೆ ಮಧ್ಯಭಾಗ ಬೇಗ ಬೇಯೋದಿಲ್ಲ, ಥರ್ಮಾಮೀಟರ್ ಇದ್ರೆ ಒಳಗೆ 74 ಡಿಗ್ರಿ ಸೆಲ್ಸಿಯಸ್ ಬರ್ಬೇಕು. ಎಲುಬು ಬಿಸಾಡ್ಬೇಡಿ, ಕೋರಿ ರೊಟ್ಟಿ ಸಾರಿಗೆ ಅದನ್ನ ಬೇಯಿಸಿದ ನೀರು ಹಾಕಿದ್ರೆ ರುಚಿಯೇ ಬೇರೆ.