ಹೊಲ ಕೊಡೋದಿದ್ರ ವರ್ಷಾನೂ ಕೊಡ್ರಿ, ಮಾಸ್ತರ್ರ

ಗದಗ ತಾಲೂಕಿನ ಒಬ್ಬ ನಿವೃತ್ತ ಮಾಸ್ತರು ಬರೆದ ಪತ್ರಾನ ಈ ಸಲ ಆರಿಸಿಕೊಂಡೀನಿ. ಹೆಸರು ಹಾಕಬ್ಯಾಡ್ರಿ ಅಂದಾರ, ಹಾಕಂಗಿಲ್ಲ. ಹಿರ್ಯಾರಿಂದ ಬಂದ 11 ಎಕರೆ ಐತಿ, 8 ಎಕರೆ ಎರಿ ಅಂದ್ರ ಕರಿ ಮಣ್ಣು, 3 ಎಕರೆ ಮಸಾರಿ ಅಂದ್ರ ಕೆಂಪು ಮಣ್ಣು. ಮಾಸ್ತರು ಹುಬ್ಬಳ್ಳಿಯಾಗ, ಮಗ ಪುಣೆದಾಗ, ಮಗಳು ಬೆಂಗಳೂರಾಗ. ಇಲ್ಲೀತನಕ ಹೊಲಾನ ಯುಗಾದಿಯಿಂದ ಯುಗಾದಿಗೆ ಲಾವಣಿಗೆ, ಅಂದ್ರ ಗೇಣಿಗೆ, ಕೊಡ್ತಾ ಬಂದಾರ. ಈಗ ಒಬ್ಬ ಗಂಡ-ಹೆಂಡತಿ, ನೌಕರಿ ಬಿಟ್ಟು ಬಂದವರು, ಸ್ವಂತ ಹೊಲ ಇಲ್ಲದವರು, 'ಸಾವಯವ ಮಾಡ್ತೀವಿ, 10 ವರ್ಷ ನಮ್ಮ ಕೈಯಾಗ ಕೊಡ್ರಿ, ಮುಂದ ಒಂದೆರಡು ಎಕರೆ ನಮಗ ಕೊಟ್ರೂ ತಗೋತೀವಿ' ಅಂತ ಕೇಳ್ಯಾರ. ಮಗ ಮಾರಿಬಿಡು ಅಂತಾನ. ಮಾಸ್ತರು ಕೇಳೋದು ಇಷ್ಟ: 'ಹತ್ತು ವರ್ಷ ಉಳುಮಿ ಮಾಡಿದ್ರ ಹೊಲ ಅವರದ ಆಗಿಬಿಟ್ರ? ಪಾಪ ಹುಡುಗ್ರು, ಸರ್ಕಾರಿ ಗೊಬ್ಬರ (ಯೂರಿಯಾದಂಥ ರಾಸಾಯನಿಕ ಗೊಬ್ಬರ), ಔಷಧ ಇಲ್ಲದ ಏನ್ ಬೆಳೆದಾರು?'

ಮಾಸ್ತರ್ರ, ನಿಮ್ಮ ಮಗ ಹೇಳೋದೂ ಸುಳ್ಳಲ್ಲ. ವಯಸ್ಸಾದ ಮ್ಯಾಲೆ ದವಾಖಾನಿ ಖರ್ಚು ಬರ್ತಾವು, ಬ್ಯಾಂಕಿನಾಗ ರೊಕ್ಕ ಇದ್ರ ಧೈರ್ಯ ಇರ್ತೈತಿ, ಅದನ್ನ ಒಪ್ಪತೀನಿ. ಆದ್ರ ನಾ ಹೇಳಬೇಕಂತ ಭಾಳ ವರ್ಷದಿಂದ ಇಟಗೊಂಡ ಮಾತು ಬ್ಯಾರೆ ಐತಿ, ನಿಮ್ಮ ಪತ್ರ ಅದನ್ನ ಹೊರಗ ತಗೀತು.

ನಮ್ಮ ಮನಿ ಹೊಲದ ಮಾತು ಮೊದಲ ಹೇಳತೀನಿ. ಅಪ್ಪ ತೀರಿಕೊಂಡ ಮ್ಯಾಲೆ ನಮ್ಮ ಕಾಕಾ 6 ಎಕರೆ ಎರಿ ಹೊಲ ಒಬ್ಬರಿಗೆ ಲಾವಣಿಗೆ ಕೊಟ್ಟಿದ್ರು, ನಾನೂ ಹೂಂ ಅಂದಿದ್ದೆ. ಆ ಮನಷ್ಯಾ ಎರಡು ವರ್ಷ ಭಾಳ ಚಂದ ಮಾಡಿದ, ಕರಕಿ ಕಿತ್ತ, ಒಡ್ಡು ಕಟ್ಟಿದ, ಮೂರನೇ ವರ್ಷಕ್ಕಂತ ಬದುವಿನ ಮ್ಯಾಲೆ ತಿಪ್ಪಿ ಗೊಬ್ಬರ ತಂದು ಒಟ್ಟಿದ. ಅಷ್ಟರಾಗ ಇನ್ನೊಬ್ಬ ಬಂದು ಎಕರೆಕ್ಕ ಎರಡು ಸಾವಿರ ಹೆಚ್ಚಿಗೆ ಕೊಡ್ತೀನಿ ಅಂದ, ಕಾಕಾ ಅವಗ ಕೊಟ್ಟುಬಿಟ್ರು. ಯುಗಾದಿಗೆ ನಾ ಊರಿಗೆ ಹೋದಾಗ ಆ ಮನಷ್ಯಾ ಮತ್ತ ಅವನ ಮಗ ಅದ ಗೊಬ್ಬರಾನ ಸಲಿಕಿಲೆ ವಾಪಸ್ ಟ್ರೇಲರಿಗೆ ತುಂಬತಿದ್ರು. ಮ್ಯಾಲಿಂದು ಒಣಗಿ ಬೆಳ್ಳಗಾಗಿತ್ತು, ಸಲಿಕಿ ಹಾಕಿದಲ್ಲೆ ಒಳಗ ಕರ್ರಗ, ಪುಡಿಪುಡಿ, ಕೈಯಾಗ ಹಿಡಿದ್ರ ವಾಸನಿ ಸೈತ ಬರತಿರಲಿಲ್ಲ, ಅಷ್ಟು ಚಂದ ಕಳಿತಿತ್ತು. ನನ್ನ ನೋಡಿ ಏನೂ ಬೈಲಿಲ್ಲ, 'ಬರ್ರಿ, ಚಾ ಕುಡೀರಿ' ಅಂದ. ಎರಡು ದಿನ ಹೊತ್ತ ಅವ ಆ ಗೊಬ್ಬರಾನ. ಅವನ ಮುಂದ ನಿಂತಾಗ ಆದ ನಾಚಿಕಿ ಇವತ್ತಿಗೂ ನನಗ ಹೋಗಿಲ್ಲ. ಆಮ್ಯಾಲೆ ಬಂದವ ಹತ್ತಿ ಹಾಕಿದ, ಮತ್ತೊಬ್ಬ ಬಂದ, ಅವನೂ ಹತ್ತಿ ಹಾಕಿದ, ಯೂರಿಯಾ ಒಗದ್ರು, ಹಿಂಡಿಕೊಂಡು ಹೋದ್ರು. ಅವರದೂ ತಪ್ಪಲ್ರಿ, ಮುಂದಿನ ಯುಗಾದಿಗೆ ಹೊಲ ಇರ್ತೈತೋ ಇಲ್ಲೋ ಗೊತ್ತಿಲ್ಲದವ ಯಾಕ ಗೊಬ್ಬರ ಹೊರಬೇಕು?

ಅದಕ್ಕ ಆ ಹುಡುಗ್ರು 10 ವರ್ಷ ಕೇಳಿದ್ದು ದುರಾಸೆ ಅಲ್ಲ, ಲೆಕ್ಕ. ಸಾವಯವ ಅಂತ ಸರ್ಟಿಫಿಕೇಟ್ ಬೇಕಂದ್ರ ಜೋಳ, ಕಡ್ಲಿ, ಹೆಸರಿನಂಥ ಬೆಳೆಗೆ 2 ವರ್ಷ ಪರಿವರ್ತನೆ ಅವಧಿ, ಮಾವು, ಚಿಕ್ಕು ಅಂಥವಕ್ಕ 3 ವರ್ಷ. ಆ ಎರಡು ವರ್ಷ ಇಳುವರಿನೂ ಕಡಿಮಿ, ರೇಟೂ ಸಾದಾ ಮಾಲಿಂದ. ಮೂರನೇ ವರ್ಷಕ್ಕ ಸ್ವಲ್ಪ ಉಸಿರು ಬರ್ತೈತಿ ಅನ್ನೋವಾಗ ನೀವು ಹೊಲ ಬಿಡ್ರಿ ಅಂದ್ರ ಅವರ ಕಥಿ ಮುಗೀತು.

ಇನ್ನ ನಿಮ್ಮ ಅಂಜಿಕಿ. ಭೂಸುಧಾರಣೆ ಕಾಯ್ದೆಯ 1974ರ ತಿದ್ದುಪಡಿ, ಉಳುವವನೇ ಹೊಲದೊಡೆಯ, ಡಿಕ್ಲರೇಶನ್ ಹಾಕೋದು, ಟ್ರಿಬ್ಯುನಲ್ಲಿಗೆ ಅಡ್ಡಾಡೋದು, ಇವನ್ನೆಲ್ಲಾ ಸಣ್ಣವರಿದ್ದಾಗ ಮನಿಯಾಗ ಕೇಳಿ ಬೆಳದೀರಿ. ಆ ಕಾಯ್ದೆಯಿಂದ ಎಷ್ಟೋ ಬಡವರ ಮನಿ ಬೆಳಗ್ಯಾವು, ಅದನ್ನ ನಾ ಯಾವತ್ತೂ ಸಣ್ಣದು ಮಾಡಂಗಿಲ್ಲ. ಆದ್ರ ಹೊಲದ ಹಕ್ಕು ಕೇಳಿ ಹಾಕೋ ಅರ್ಜಿ, ಫಾರ್ಮ್ 7, ಇದ್ದದ್ದು 1974ರ ಮಾರ್ಚ್ 1ಕ್ಕಿಂತ ಮೊದಲ ಗೇಣಿ ಮಾಡತಿದ್ದವರಿಗೆ, ಅರ್ಜಿ ಹಾಕೋ ಗಡುವು 1979ರ ಜೂನಿಗೆ ಮುಗೀತು. ಇವತ್ತು ಬಂದ ಹುಡುಗ್ರು ಅದನ್ನ ಹಾಕಿ ಹೊಲ ಕಸಗೊಳ್ಳಾಕ ಬರಂಗಿಲ್ಲ. ನಿಜವಾದ ತೊಡಕು ಬ್ಯಾರೆ ಐತಿ. ಕರ್ನಾಟಕದಾಗ ಸಾಗುವಳಿ ಜಮೀನು ಗೇಣಿಗೆ ಕೊಡೋದನ್ನ ಆ ಕಾಯ್ದೆನ ನಿಷೇಧ ಮಾಡೈತಿ, ಸೈನಿಕರಂಥ ಕೆಲವರನ್ನ ಬಿಟ್ಟು. ಹಂಗಂತ ಲಾವಣಿ ನಿಂತೈತೇನ್ರಿ? ಊರೂರಾಗ ನಡದೈತಿ, ಬಾಯಿ ಮಾತಿನ ಮ್ಯಾಲೆ. ಉತಾರದಾಗ, ಅಂದ್ರ ಪಹಣಿಯಾಗ, ಉಳುವವನ ಹೆಸರಿಲ್ಲ, ಅದಕ್ಕ ಅವಗ ಬ್ಯಾಂಕಿನ ಬೆಳೆಸಾಲ ಸಿಗೋದು ಕಷ್ಟ, ಮಳಿ ಕೈಕೊಟ್ರ ಪರಿಹಾರ ಉತಾರದಾಗ ಹೆಸರಿದ್ದವರಿಗೆ, 2019ರಿಂದ ಕೇಂದ್ರ ಕೊಡೋ ವರ್ಷದ 6000 ರೂಪಾಯಿನೂ ಅವರಿಗೇ. ಬೆವರು ಒಬ್ಬಂದು, ಕಾಗದ ಇನ್ನೊಬ್ಬಂದು. ನೀತಿ ಆಯೋಗ 2016ರಾಗ ಒಂದು ಮಾದರಿ ಲೀಸ್ ಕಾಯ್ದೆ ಮಾಡಿತ್ತು, ಮಾಲೀಕನ ಹಕ್ಕೂ ಉಳೀಲಿ, ಉಳುವವಗೂ ಸಾಲ, ವಿಮೆ ಸಿಗಲಿ ಅಂತ. ನಮ್ಮ ರಾಜ್ಯ ಆ ದಾರಿ ಹಿಡೀಲಿಲ್ಲ. ಹಿಡಿದದ್ದು ಯಾವುದು? 2020ರಾಗ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಮು ತಗದು, ರೈತ ಅಲ್ಲದವರೂ ಹೊಲ ಕೊಳ್ಳಬಹುದು ಅಂತ ಮಾಡಿದ್ದು. ರೊಕ್ಕ ಇದ್ದವಗ ಬಾಗಿಲು ತಗದ್ರು, ಬರೀ ಕೈ ಇದ್ದವಗ ಕಿಟಕಿನೂ ಇಡಲಿಲ್ಲ.

ಸೋಲಾರಿಗಾದ್ರ ಎಲ್ಲಾ ಆಗ್ತೈತಿ ನೋಡ್ರಿ. ಪಾವಗಡದಾಗ ಸೋಲಾರ್ ಪಾರ್ಕಿಗೆ ಸುಮಾರು 13,000 ಎಕರೆ ರೈತರ ಹೊಲಾನ ಲೀಸಿಗೆ ತಗೊಂಡ್ರು, ಶುರುವಿಗೆ ಎಕರೆಗೆ ವರ್ಷಕ್ಕ 21,000 ರೂಪಾಯಿ, ಅವಧಿ 25 ವರ್ಷಕ್ಕೂ ಹೆಚ್ಚು. ಕಂಪನಿಗೆ ಕಾಲು ಶತಮಾನ ಕೊಡೋ ನಾಡಿನಾಗ ಜೋಳ ಬೆಳೆಯೋವಗ ಒಂದು ಯುಗಾದಿ. ಇದು ನನ್ನ ಹೊಟ್ಯಾಗಿನ ಸಂಕಟ ಮಾಸ್ತರ್ರ, ನಿಮ್ಮ ಮ್ಯಾಲಿನ ಸಿಟ್ಟಲ್ಲ.

'ಏನ್ ಬೆಳೆದಾರು' ಅಂದ್ರಲ್ಲ, ಅದಕ್ಕ ಮಾತ್ರ ಸ್ವಲ್ಪ ಬೈತೀನಿ. ನಿಮ್ಮ ಪತ್ರದಾಗ ಅವರ ಊರು ಯಾವುದು, ಮಂದಿ ಯಾರು, ಎಲ್ಲಾ ಕೇಳಿ ಬರದೀರಿ. ಯಾವ ಬೀಜ ತಂದಾರ, ದನ ಕಟ್ತಾರೋ ಇಲ್ಲೋ, ಅದನ್ನ ಕೇಳಿಲ್ಲ. ಮಕ್ಕಳಿಗೆ ಪಾಠ ಹೇಳಿದವರು ನೀವು, ಮೊದಲ ಕೇಳಬೇಕಾದ ಪ್ರಶ್ನೆನ ಬಿಟ್ಟಿರಿ! ಕುಂದಗೋಳ ತಾಲೂಕಿನ ತೀರ್ಥ ಗ್ರಾಮಕ್ಕ ಒಮ್ಮೆ ಹೋಗಿ ಬರ್ರಿ. ಅಲ್ಲಿ ಬೀಬಿ ಫಾತಿಮಾ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಸಿರಿಧಾನ್ಯದ ದೇಸಿ ಬೀಜ ಕೂಡಿಟ್ರು, ರೈತರಿಗೆ ಹಂಚಿದ್ರು, ಧಾನ್ಯ ಹಸನ ಮಾಡೋ ಘಟಕ ನಡೆಸಿದ್ರು, 2025ರಾಗ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಆ ಊರಿಗೆ ಬಂತು. ನಮ್ಮ ಎರಿ ಮಣ್ಣಿಗೆ ಸಾವಯವ ಹೊಸದಲ್ಲ. ಜೋಳದ ಹೊಲಕ್ಕ ಸುತ್ತಲೂ ಕುಸುಬಿ ಸಾಲು ಹಾಕಿ ಮುಳ್ಳಿನ ಬೇಲಿ ಮಾಡತಿದ್ದವರು, ಅಕ್ಕಡಿ, ಅಂದ್ರ ನಡುನಡುವ ಬ್ಯಾರೆ ಬೆಳೆ ಸಾಲು, ಬಿತ್ತತಿದ್ದವರು ನಿಮ್ಮ ಅಪ್ಪಾರ ಅಲ್ಲೇನ್ರಿ?

ಫ್ರಾನ್ಸಿನಾಗ ಟೆರ್ ದ ಲಿಯಾಂ ಅಂತ ಒಂದು ಸಂಘಟನೆ ಐತಿ, 2003ರಾಗ ಶುರುವಾತು. ಸಾದಾ ಮಂದಿ ರೊಕ್ಕ ಹಾಕ್ತಾರ, ಆ ರೊಕ್ಕದಾಗ ಹೊಲ ಕೊಂಡು ಸಾವಯವ ಮಾಡೋರಿಗೆ ದೀರ್ಘ ಅವಧಿಗೆ ಗೇಣಿಗೆ ಕೊಡ್ತಾರ. ಅದನ್ನ ಓದಿದಾಗ ನನಗ ನೆನಪಾಗಿದ್ದು ನಿಮ್ಮ ಪಕ್ಕದ ಕಣಗಿನಹಾಳ. 1905ರಾಗ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಕೃಷಿ ಸಹಕಾರ ಸಂಘ ಕಟ್ಟಿದ್ರು, ಏಷ್ಯಾದಾಗ ಮೊದಲನೇದು ಅಂತ ಹೆಮ್ಮಿಯಿಂದ ಹೇಳತೀವಿ. ಸಾಲಕ್ಕ ಸಂಘ ಕಟ್ಟಿದ ನೆಲ, ಹೊಲ ಇಲ್ಲದ ಹುಡುಗ್ರಿಗೆ ಹೊಲ ಮುಟ್ಟಿಸೋ ಸಂಘಾನೂ ಕಟ್ಟಬಹುದಲ್ಲ? ಹುಬ್ಬಳ್ಳಿ, ಧಾರವಾಡದಾಗ ನಿಮ್ಮಂಗ ಹೊಲ ಊರಾಗ ಬಿಟ್ಟು ಕುಂತ ಪೆನ್ಶನ್‌ದಾರರು ಏನ್ ಕಡಿಮಿ ಅದಾರೇನು.

ನನ್ನ ಸಲಹೆ ಇಷ್ಟ. ಈ ಉತ್ತರ ಓದಿಕೊಂಡು ಬಾಂಡ್ ಬರಿಯಾಕ ಹೋಗಬ್ಯಾಡ್ರಿ, ಲೀಸ್ ಅಂತ ಬರದ್ರ ಕಾಯ್ದೆ ಒಪ್ಪಂಗಿಲ್ಲ. ಜಮೀನಿನ ಕೇಸು ನಡೆಸೋ ಒಬ್ಬ ಒಳ್ಳೆ ವಕೀಲರ ಹತ್ರ ಆ ಗಂಡ-ಹೆಂಡತಿನ್ನೂ ಕರಕೊಂಡು ಹೋಗ್ರಿ, ನೀವೂ ಸೇರಿ ಮಾಡೋ ಸಾಗುವಳಿ ಅಂತ ಕಾಯ್ದೆಯೊಳಗ ಹ್ಯಾಂಗ ಬರೀಬಹುದು ಕೇಳ್ರಿ. ಮಸಾರಿ ಒಳಗ ಎರಡು ಎಕರೆ ಅವರಿಗೆ ಮಾರೋ ಮನಸ್ಸಿದ್ರ ರೇಟು ಈಗ ಮಾತಾಡ್ರಿ, ಕಂತಿನ ಮ್ಯಾಲೆ ಕೊಡ್ರಿ. ಮಗಳನ್ನ ಬಿಟ್ಟು ಏನೂ ಮಾಡಬ್ಯಾಡ್ರಿ, 2005ರಿಂದ ಹಿರ್ಯಾರ ಆಸ್ತಿಯಾಗ ಆಕಿದೂ ಮಗನಷ್ಟ ಪಾಲು. ಪತ್ರದಾಗ ಮಗನ ಮಾತು ನಾಲ್ಕು ಸಲ ಬಂದೈತಿ, ಆಕಿ ಏನಂದ್ಲು ಅನ್ನೋದು ಒಂದ ಸಲಾನೂ ಇಲ್ಲ.

ಎಳ್ಳ ಅಮಾಸಿಗೆ ವರ್ಷಾ ಚರಗ ಚೆಲ್ಲಾಕ, ಅಂದ್ರ ಭೂಮಿತಾಯಿಗೆ ಎಡಿ ಕೊಡಾಕ, ಹೊಲಕ್ಕ ಹೋಗ್ತೀವಿ ಅಂತ ಬರದೀರಿ. ಈ ಸಲ ಮಗ, ಮಗಳು ಇಬ್ಬರಿಗೂ ಬರಾಕ ಹೇಳ್ರಿ, ಆ ಗಂಡ-ಹೆಂಡತಿನ್ನೂ ಊಟಕ್ಕ ಕರೀರಿ. ಬುತ್ತಿ ಬಿಚ್ಚೋಕಿಂತ ಮೊದಲ ಹೊಲ ಕೇಳಿದ ಆ ಹೆಣ್ಣುಮಗಳ ಕೈಯಾಗ ಒಂದು ಸಲಿಕಿ ಕೊಟ್ಟು, ಮಣ್ಣು ಹ್ಯಾಂಗ ಐತಿ ನೋಡವಾ ಅನ್ರಿ. ಆಕಿ ಏನ್ ಹೇಳಿದ್ಲು ಅಂತ ನನಗ ಬರೀರಿ, ಮುಂದಿನ ಸಂಚಿಕೆಯಾಗ ಜಾಗ ಇಟ್ಟಿರ್ತೀನಿ.